ಉಣ್ಣುವ ರಾಗಿ, ಬಿತ್ತುವ ರಾಗಿ

ಹಗೇವಿನ ರಾಗಿ ಎಷ್ಟು ವರ್ಷವಾದರೂ ಕೆಡುವುದಿಲ್ಲವೆಂಬ ಮಾತು ಕೋಲಾರದ ಸೀಮೆಯಲ್ಲಿ ಬಹುಕಾಲದಿಂದ ಉಂಟು. ಊಟದ ಮಟ್ಟಿಗೆ ಅದು ಬಹುಪಾಲು ನಿಜ. ಬಿತ್ತನೆಯ ಮಟ್ಟಿಗೆ ಅದನ್ನು ನಂಬತಕ್ಕದ್ದಲ್ಲ. ಹಿಟ್ಟು ಚೆನ್ನಾಗಿದ್ದರೂ ಕಾಳಿನೊಳಗಣ ಜೀವವು ತೇವದಿಂದಲೂ ಸೆಕೆಯಿಂದಲೂ ನಂದಿಹೋಗಿರಬಹುದು. ಜೀವವುಳ್ಳ ಕಾಳಿಗೂ ಸತ್ತ ಕಾಳಿಗೂ ಕಣ್ಣಿಗೆ ಭೇದ ಕಾಣದು. ಹೊಲದಲ್ಲಿ ಪೈರು ಹುಟ್ಟದಿದ್ದಾಗ ಸಂಗತಿ ಬಯಲಾಗುವುದು. ಅಷ್ಟರಲ್ಲಿ ಮಳೆಯ ಹದವೂ ಕಳೆದಿರುವುದು.

ಬೀಜವೆಂಬುದು ಬುತ್ತಿ ಕಟ್ಟಿಕೊಂಡು ಮಲಗಿರುವ ಎಳೆಯ ಗಿಡ. ನೀರು ತಗಲಿದೊಡನೆ ಕಾಳು ಉಬ್ಬಿ ಉಸಿರಾಟ ಹೆಚ್ಚುತ್ತದೆ. ಒಳಗಿನ ಪಿಷ್ಟವು ಕರಗಿ ಸಕ್ಕರೆಯಾಗಿ ಮೊಳಕೆಗೆ ಆಹಾರವಾಗುತ್ತದೆ. ಮೊದಲು ಬೇರು ಕೆಳಗಿಳಿಯುವುದು, ಅನಂತರ ಕುಡಿ ಮೇಲೇಳುವುದು. ಎಲೆಯು ಬಿಸಿಲನ್ನು ಕಂಡು ತನ್ನ ಆಹಾರವನ್ನು ತಾನೇ ಮಾಡಿಕೊಳ್ಳುವವರೆಗೆ ಈ ಬುತ್ತಿಯೇ ಆಧಾರ. ನೀರು ನಿಂತ ನೆಲದಲ್ಲಿ ಗಾಳಿ ಸಾಲದೆ ಮೊಳಕೆಯು ಉಸಿರುಕಟ್ಟಿ ಸಾಯುತ್ತದೆ.

ರಾಗಿಯ ಬುತ್ತಿ ಬಹಳ ಚಿಕ್ಕದು. ಸಾವಿರ ಕಾಳು ಸೇರಿದರೂ ತೂಕ ಸುಮಾರು 3 ಗ್ರಾಂ ಮಾತ್ರ. ನೆರೆಯ ಚಿನ್ನದ ಗಣಿಗಳಲ್ಲಿ, 2001ರಲ್ಲಿ ಅವು ಮುಚ್ಚುವ ತನಕ, ಕೂಲಿಕಾರರು ಬಹು ಆಳಕ್ಕಿಳಿದು ಮರಳಿ ಬರುತ್ತಿದ್ದರು. ಚಾಂಪಿಯನ್ ರೀಫ್ ಗಣಿಯ ಆಳ 3 ಕಿಲೋಮೀಟರಿಗೂ ಮಿಕ್ಕಿದ್ದಿತು. ರಾಗಿಯ ಕುಡಿಗಾದರೋ ಎರಡು ಅಂಗುಲವೇ ಪಾತಾಳ. ಆದುದರಿಂದ ಕೂರಿಗೆಯ ಬೀಜವು ಒಂದು ಅಂಗುಲಕ್ಕಿಂತ ಕೆಳಗೆ ಬೀಳಬಾರದು. ಬಂಗಾರಪೇಟೆಯ ಸುತ್ತಣ ಕೆಂಪು ಭೂಮಿಗೆ ಇನ್ನೊಂದು ದೋಷವಿದೆ. ಬಿತ್ತಿದ ಮೇಲೆ ಬಿರುಮಳೆ ಸುರಿದು ಬಿಸಿಲು ಕಾದರೆ ಮೇಲ್ಮಣ್ಣು ಹಪ್ಪಳಗಟ್ಟುವುದು. ಜೀವವುಳ್ಳ ಕುಡಿಯೂ ಅದರಡಿ ಬಾಗಿ ಸೊರಗುವುದು. ಅಂತಹ ಹೊಲದ ಮೇಲೆ ಹಗುರವಾದ ಮುಳ್ಳುಕಂಟಿಯನ್ನು ಎಳೆಸಿ ಹೆಪ್ಪನ್ನು ಒಡೆಯಿಸುವುದು ಯುಕ್ತ. ತಡಮಾಡಿದರೆ ಕಂಟಿಗೆ ಕುಡಿಯೇ ಮುರಿದೀತು.

ಬೀಜದ ಪರೀಕ್ಷೆಗೆ ಖರ್ಚೇನೂ ಇಲ್ಲ. ಮಕ್ಕಳ ಸರಿಹಿಟ್ಟಿಗಾಗಿ ರಾಗಿಯನ್ನು ಮೊಳಕೆ ಕಟ್ಟುವ ಮನೆಯ ಹೆಂಗಸರು ಇದನ್ನು ಬಲ್ಲರು. ಮೂಟೆಯ ಮೇಲು, ನಡು, ತಳಗಳಿಂದ ಕಾಳು ತೆಗೆದು ಬೆರಸಿ, ಆರಿಸದೆ 100 ಕಾಳು ಎಣಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ ನೆರಳಿನಲ್ಲಿಡಬೇಕು. ಬಟ್ಟೆ ಒಣಗಕೂಡದು, ನೀರೂ ನಿಲ್ಲಕೂಡದು. ನಾಲ್ಕನೆಯ ದಿನವೊಮ್ಮೆ, ಎಂಟನೆಯ ದಿನವೊಮ್ಮೆ ಬೇರು ಕುಡಿಗಳೆರಡೂ ನೆಟ್ಟಗಿರುವ ಮೊಳಕೆಗಳನ್ನು ಎಣಿಸತಕ್ಕದ್ದು. ಪ್ರಮಾಣಿತ ರಾಗಿಬೀಜಕ್ಕೆ ಕನಿಷ್ಠ 75 ಮೊಳೆಯಬೇಕೆಂಬ ನಿಯಮವಿದೆ. ಅದಕ್ಕೆ ಬಹಳ ಕಡಮೆಯಾದರೆ ಆ ಮೂಟೆ ಅಡಿಗೆಮನೆಗೆ ಸಲ್ಲಲಿ. ಔಷಧ ಸವರಿದ್ದಾದರೆ ಮಾತ್ರ ಮನುಷ್ಯರಿಗೂ ದನಗಳಿಗೂ ಕೂಡದು. ಗ್ರಾಮದ ಮುಖಂಡರು ಈ ಪರೀಕ್ಷೆಯನ್ನು ಬಿತ್ತನೆಗೆ ಹದಿನೈದು ದಿನ ಮುಂಚಿತವಾಗಿ ಮಾಡಿಸಿದರೆ, ಹೋಬಳಿಯ ರೈತ ಸಂಪರ್ಕ ಕೇಂದ್ರದಿಂದ ಬೇರೆ ಬೀಜ ತರಲು ವೇಳೆ ಉಳಿಯುವುದು.