ಹಳೆಯ ತೋಟ, ಹೊಸ ತಳಿ

ಚಿಕ್ಕಮಗಳೂರಿನಿಂದ ಮೂಡಿಗೆರೆಗೆ, ಅಲ್ಲಿಂದ ಕೊಟ್ಟಿಗೆಹಾರದ ಮಾರ್ಗವಾಗಿ ಕಳಸಕ್ಕೆ ಪಯಣ ಮಾಡುವವರಿಗೆ ದಾರಿಯ ಇಕ್ಕೆಲಗಳಲ್ಲಿಯೂ ಕಾಣುವುದು ಕಾಫಿ ತೋಟಗಳೇ. ದಾರಿಹೋಕನ ಕಣ್ಣಿಗೆ ಅವೆಲ್ಲವೂ ಒಂದೇ ಬಗೆಯ ಹಸಿರು. ಬೆಳೆಗಾರನ ಕಣ್ಣಿಗೆ ಹಾಗಲ್ಲ. ಒಂದೊಂದು ಪಟ್ಟಿಗೂ ಒಂದೊಂದು ವಯಸ್ಸು, ಒಂದೊಂದು ಚರಿತ್ರೆ. ಹಳೆಯ ಪಟ್ಟಿಯ ಎದುರು ನಿಂತಾಗಲೆಲ್ಲ ಅವನ ಮನಸ್ಸಿನಲ್ಲಿ ಒಂದು ಪ್ರಶ್ನೆ ಏಳುತ್ತದೆ: 'ಈ ಗಿಡಗಳನ್ನು ಉಳಿಸಿಕೊಳ್ಳಬೇಕೇ, ಕಿತ್ತು ಹೊಸ ತಳಿಯನ್ನು ನೆಡಬೇಕೇ?' ಕಿತ್ತರೆ ಹೊಸ ಸಸಿ ಫಸಲು ಕೊಡುವವರೆಗೆ ಮೂರು ನಾಲ್ಕು ವರ್ಷ ಕಾಯಬೇಕು. ಉಳಿಸಿಕೊಂಡರೆ ರೋಗದ ಭಯ. ಎರಡರಲ್ಲಿಯೂ ನಷ್ಟವುಂಟು, ಎರಡರಲ್ಲಿಯೂ ಲಾಭವುಂಟು.

ಇದೇ ಪ್ರಶ್ನೆಯು ಈಗ ತೋಟವನ್ನು ದಾಟಿ ಮನೆಯ ಮೇಜಿನ ಮೇಲೆಯೂ ಬಂದು ಕುಳಿತಿದೆ. ಕಳಸದ ಕಡೆಯ ಬೆಳೆಗಾರರೊಬ್ಬರು ನನ್ನ ಹಳೆಯ ವಿದ್ಯಾರ್ಥಿ. ಅವರ ತೋಟದ ಲೆಕ್ಕಪತ್ರ, ಆಳುಗಳ ಸಂಬಳದ ಪಟ್ಟಿ, ಬ್ಯಾಂಕಿನ ವ್ಯವಹಾರ ಎಲ್ಲವೂ ನಡೆಯುವುದು ಒಂದು ಹಳೆಯ ಗಣಕಯಂತ್ರದಲ್ಲಿ. ಅದರ 'ವಿಂಡೋಸ್ 10' ಎಂಬ ಕಾರ್ಯಾಚರಣೆ ವ್ಯವಸ್ಥೆಗೆ ನೀಡುತ್ತಿದ್ದ ಸಾಮಾನ್ಯ ರಕ್ಷಣೆಯನ್ನು ಅದನ್ನು ತಯಾರಿಸಿದ ಮೈಕ್ರೋಸಾಫ್ಟ್ ಕಂಪನಿಯು 2025ರ ಅಕ್ಟೋಬರ್ 14ರಂದು ಕೊನೆಗೊಳಿಸಿತು. ನೋಂದಾಯಿಸಿಕೊಂಡವರಿಗೆ ಇನ್ನೊಂದು ವರ್ಷದ ಕಾಲಾವಕಾಶವನ್ನು ಕೊಟ್ಟಿತು, ಅಷ್ಟೆ. ಅದಾದ ಕೆಲವು ದಿನಗಳಿಗೆ ಅವರು ನಮ್ಮ ಮನೆಗೆ ಬಂದರು. "ಮೇಷ್ಟ್ರೇ, ಯಂತ್ರ ಚೆನ್ನಾಗಿಯೇ ನಡೆಯುತ್ತಿದೆ. ಆದರೂ ಹೊಸ ವ್ಯವಸ್ಥೆ ಹಾಕಿಸಿಕೊಳ್ಳಿ ಎನ್ನುತ್ತಾರೆ. ಕಿತ್ತು ಹಾಕಲೇ, ಉಳಿಸಿಕೊಳ್ಳಲೇ?" ಎಂದು ಕೇಳಿದರು. ಅವರ ಮಾತಿನಲ್ಲಿ ತೋಟದ ಭಾಷೆಯೇ ಇದ್ದಿತು. ಉತ್ತರವನ್ನೂ ತೋಟದಲ್ಲಿಯೇ ಹುಡುಕಬಹುದೆಂದು ನನಗೆ ತೋರಿತು.

ಮೊದಲು ಕಾರ್ಯಾಚರಣೆ ವ್ಯವಸ್ಥೆ ಎಂದರೇನೆಂಬುದನ್ನು ತಿಳಿಯೋಣ. ನಮ್ಮ ತೋಟಗಳ ರೈಟರನ್ನು ನೀವು ನೋಡಿರಬಹುದು. ಬೆಳಿಗ್ಗೆ ಹಾಜರಿ ಹಿಡಿಯುವವನು ಅವನು. ಯಾರು ಯಾವ ಪಟ್ಟಿಗೆ ಹೋಗಬೇಕೆಂದು ಹೇಳುವವನು ಅವನು. ಉಗ್ರಾಣದ ಬೀಗದ ಕೈ ಇರುವುದೂ ಅವನ ಬಳಿಯೇ. ಯಜಮಾನನು ಹೇಳಿದ್ದನ್ನು ಆಳುಗಳಿಗೆ ತಿಳಿಯುವಂತೆಯೂ ಆಳುಗಳು ಹೇಳಿದ್ದನ್ನು ಯಜಮಾನನಿಗೆ ತಿಳಿಯುವಂತೆಯೂ ಮುಟ್ಟಿಸುವವನು ಅವನೇ. ಗಣಕಯಂತ್ರದ ಕಾರ್ಯಾಚರಣೆ ವ್ಯವಸ್ಥೆಯು ಅಂತಹ ಒಬ್ಬ ರೈಟರು. ನಾವು ಕೀಲಿಮಣೆಯ ಮೇಲೆ ಒತ್ತುವ ಅಕ್ಷರ, ತೆರೆಯ ಮೇಲೆ ಮೂಡುವ ಚಿತ್ರ, ಮುದ್ರಣಯಂತ್ರಕ್ಕೆ ಹೋಗುವ ಆಜ್ಞೆ, ಕಡತಗಳನ್ನು ಇಡುವ ಜಾಗ, ಎಲ್ಲವೂ ಅದರ ಕೈಯಿಂದಲೇ ಹಾಯ್ದು ಹೋಗಬೇಕು. ರೈಟರು ಬದಲಾದರೆ ತೋಟದ ಕೆಲಸದ ರೀತಿಯೆಲ್ಲವೂ ಬದಲಾಗುತ್ತದೆ. ಆದುದರಿಂದಲೇ ಈ ಬದಲಾವಣೆಯು ಸಣ್ಣ ವಿಷಯವಲ್ಲ.

ಹಾಗಾದರೆ ಚೆನ್ನಾಗಿ ನಡೆಯುತ್ತಿರುವುದನ್ನು ಬದಲಿಸುವುದೇಕೆ? ಇದಕ್ಕೆ ಕಾಫಿಯ ಚರಿತ್ರೆಯೇ ಉತ್ತರ ಹೇಳುತ್ತದೆ. 1869ರಲ್ಲಿ ಸಿಂಹಳದ್ವೀಪದ ಕಾಫಿ ತೋಟಗಳಲ್ಲಿ ಎಲೆತುಕ್ಕು ಎಂಬ ಶಿಲೀಂಧ್ರರೋಗ ಕಾಣಿಸಿಕೊಂಡಿತು. ಎಲೆಯ ಅಡಿಯಲ್ಲಿ ಕಿತ್ತಳೆ ಬಣ್ಣದ ಪುಡಿ. ಸ್ವಲ್ಪ ದಿನಗಳಲ್ಲಿಯೇ ಗಿಡ ಬರಿದು. ಕೆಲವೇ ದಶಕಗಳಲ್ಲಿ ಅಲ್ಲಿನ ಕಾಫಿ ನಾಶವಾಗಿ ಆ ನಾಡು ಚಹಾದ ನಾಡಾಯಿತು. ಆ ರೋಗವು ನಮ್ಮ ಬೆಟ್ಟಗಳಿಗೂ ಬಂದಿತು. 1911ರ ಸುಮಾರಿಗೆ ಮೈಸೂರು ಸಂಸ್ಥಾನದ ತೋಟವೊಂದರಲ್ಲಿ ಕೆಂಟ್ ಎಂಬ ಬೆಳೆಗಾರನು ತುಕ್ಕನ್ನು ತಡೆದುಕೊಂಡ ಗಿಡವೊಂದನ್ನು ಗುರುತಿಸಿ ಅದರ ಬೀಜವನ್ನು ಬೆಳೆಸಿದನು. 'ಕೆಂಟ್ಸ್' ಎಂಬ ಆ ತಳಿಯು ಎಲ್ಲೆಡೆ ಹರಡಿತು. ಆದರೆ ರೋಗವು ಸುಮ್ಮನೆ ಕುಳಿತಿರಲಿಲ್ಲ; ಅದರದೂ ಹೊಸ ಹೊಸ ಬಗೆಗಳು ಹುಟ್ಟಿಕೊಂಡು ಕೆಂಟ್ಸನ್ನೂ ಮುತ್ತಿದವು. 1925ರಲ್ಲಿ ಆರಂಭವಾಗಿ, ಈಗ ಬಾಳೆಹೊನ್ನೂರಿನ ಬಳಿ ಕೇಂದ್ರ ಕಾಫಿ ಸಂಶೋಧನಾ ಸಂಸ್ಥೆಯಾಗಿರುವ ಪ್ರಯೋಗ ಕೇಂದ್ರವು 1940ರ ದಶಕದಲ್ಲಿ 'ಎಸ್. 795' ಎಂಬ ಹೊಸ ತಳಿಯನ್ನು ಕೊಟ್ಟಿತು. ವರ್ಷಗಳು ಕಳೆದಂತೆ ಅದಕ್ಕೂ ತುಕ್ಕು ತಗುಲತೊಡಗಿತು.

ಆದರೂ ಬೆಳೆಗಾರರು ಎಸ್. 795ನ್ನು ಕಿತ್ತೆಸೆಯಲಿಲ್ಲವೆಂಬುದನ್ನು ಗಮನಿಸಿರಿ. ಅದರ ಕಾಫಿಗೆ ಒಳ್ಳೆಯ ರುಚಿಯುಂಟು. ಗಿಡವು ನಮ್ಮ ಮಣ್ಣಿಗೆ ಹೊಂದಿಕೊಂಡಿದೆ. ಆದುದರಿಂದ ಮಳೆಗಾಲಕ್ಕೆ ಮುಂಚೆ ಮೈಲುತುತ್ತ ಮತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣವನ್ನು ಸಿಂಪಡಿಸಿ ಅದನ್ನು ಕಾಪಾಡಿಕೊಳ್ಳುತ್ತಾರೆ. ಗಣಕಯಂತ್ರಕ್ಕೆ ಕಾಲಕಾಲಕ್ಕೆ ಬರುವ ಸಣ್ಣ ಸಣ್ಣ ತಿದ್ದುಪಡಿಗಳು ಈ ಸಿಂಪಡಣೆಯಂತೆ. ಕಾರ್ಯಾಚರಣೆ ವ್ಯವಸ್ಥೆಯನ್ನೇ ಬದಲಿಸುವುದು ಹೊಸ ತಳಿಯನ್ನು ನೆಟ್ಟಂತೆ. ಇವೆರಡನ್ನೂ ಒಂದೇ ಎಂದು ಭಾವಿಸಬಾರದು. ಸಿಂಪಡಣೆಯನ್ನು ಎಂದಿಗೂ ತಪ್ಪಿಸಬಾರದು. ಹೊಸ ತಳಿಯನ್ನು ಮಾತ್ರ ಯೋಚಿಸಿ ನೆಡಬೇಕು.

ಸಿಂಪಡಣೆ ತಪ್ಪಿದರೆ ಆಗುವುದೇನೆಂಬುದನ್ನು ಜಗತ್ತು 2017ರಲ್ಲಿ ಕಂಡಿತು. ಆ ವರ್ಷದ ಮೇ 12ರಂದು 'ವನ್ನಾಕ್ರೈ' ಎಂಬ ದುಷ್ಟ ತಂತ್ರಾಂಶವು ಹರಡಲಾರಂಭಿಸಿ 150ಕ್ಕೂ ಹೆಚ್ಚು ದೇಶಗಳ ಗಣಕಯಂತ್ರಗಳನ್ನು ಹೊಕ್ಕಿತು. ಕಡತಗಳಿಗೆಲ್ಲ ಬೀಗ ಜಡಿದು, ಬೀಗ ತೆಗೆಯಲು ಹಣ ಕೇಳಿತು. ಇಂಗ್ಲೆಂಡಿನಲ್ಲಿ ಆಸ್ಪತ್ರೆಗಳೇ ರೋಗಿಗಳನ್ನು ಹಿಂದಕ್ಕೆ ಕಳುಹಿಸಬೇಕಾಯಿತು. ವಿಷಾದದ ಸಂಗತಿಯೆಂದರೆ, ಅದು ನುಸುಳಿದ ಬಿರುಕನ್ನು ಮುಚ್ಚುವ ತಿದ್ದುಪಡಿಯನ್ನು ಕಂಪನಿಯು ಅದಕ್ಕೆ ಎರಡು ತಿಂಗಳು ಮೊದಲೇ, ಮಾರ್ಚ್ 14ರಂದೇ, ಹೊರಡಿಸಿತ್ತು. ಹಾಕಿಕೊಂಡವರು ಉಳಿದರು, ನಾಳೆ ನೋಡೋಣ ಎಂದವರಲ್ಲಿ ಅನೇಕರು ಕಳೆದುಕೊಂಡರು. ತಿದ್ದುಪಡಿ ಬರುವುದೇ ನಿಂತುಹೋದ ಯಂತ್ರದಲ್ಲಿ ಬ್ಯಾಂಕಿನ ವ್ಯವಹಾರ ನಡೆಸುವುದು ಎಷ್ಟು ಅಪಾಯವೆಂಬುದು ಇದರಿಂದ ತಿಳಿಯುತ್ತದೆ.

ಇಷ್ಟನ್ನು ಕೇಳಿದರೆ, ಇಂದೇ ಹೊಸದನ್ನು ಹಾಕಿಬಿಡೋಣ ಎಂದು ನಿಮಗೆ ಅನಿಸಬಹುದು. ತಾಳಿರಿ, ಇನ್ನೊಂದು ಮುಖವೂ ಇದೆ. 2021ರಲ್ಲಿ ಹೊರಬಂದ 'ವಿಂಡೋಸ್ 11' ಎಲ್ಲ ಯಂತ್ರಗಳಿಗೂ ಒಗ್ಗುವುದಿಲ್ಲ. ಯಂತ್ರಕ್ಕೆ ಕಡಮೆಯೆಂದರೆ 4 ಗಿಗಾಬೈಟ್ ನೆನಪಿನ ಶಕ್ತಿ, 64 ಗಿಗಾಬೈಟ್ ಸಂಗ್ರಹಸ್ಥಳ, 'ಟಿಪಿಎಂ 2.0' ಎಂಬ ರಕ್ಷಣಾ ವ್ಯವಸ್ಥೆ, ಇವೆಲ್ಲ ಇರಬೇಕು. ಇಲ್ಲದಿದ್ದರೆ ಯಂತ್ರವನ್ನೇ ಹೊಸದಾಗಿ ಕೊಳ್ಳಬೇಕಾಗುತ್ತದೆ. ಹಳೆಯ ಮುದ್ರಣಯಂತ್ರಕ್ಕೆ ಹೊಸ ರೈಟರ ಭಾಷೆ ತಿಳಿಯದೆ ಅದು ಮೂಲೆ ಸೇರಬಹುದು. ಇವು ಹಣದಿಂದ ಸರಿಹೋಗುವ ತೊಂದರೆಗಳು. ಹಣದಿಂದ ಸರಿಹೋಗದ ತೊಂದರೆಯೊಂದುಂಟು. ಅದು ನಮ್ಮ ಕನ್ನಡ ಕಡತಗಳದು.

ಗಣಕಯಂತ್ರವು ಅಕ್ಷರವನ್ನು ಅಕ್ಷರವಾಗಿ ಅರಿಯದು, ಸಂಖ್ಯೆಯಾಗಿ ಅರಿಯುತ್ತದೆ. ಬಹುಕಾಲ ಅದರಲ್ಲಿ ಕನ್ನಡಕ್ಕೆ ಪ್ರತ್ಯೇಕ ಸಂಖ್ಯೆಗಳಿರಲಿಲ್ಲ. ಆದ್ದರಿಂದ 'ಬರಹ', 'ನುಡಿ' ಮೊದಲಾದ ತಂತ್ರಾಂಶಗಳ ಹಳೆಯ ಆವೃತ್ತಿಗಳು ಇಂಗ್ಲಿಷ್ ಅಕ್ಷರಗಳ ಮತ್ತು ಚಿಹ್ನೆಗಳ ಸಂಖ್ಯೆಗಳ ಮೇಲೆಯೇ ಕನ್ನಡದ ರೂಪಗಳನ್ನು ಕೂರಿಸಿದವು. ಕೆ. ಪಿ. ರಾವ್ ಅವರ ಕೀಲಿಮಣೆ ವಿನ್ಯಾಸವನ್ನು ಅಳವಡಿಸಿಕೊಂಡು ಕನ್ನಡ ಗಣಕ ಪರಿಷತ್ತು ರೂಪಿಸಿದ 'ನುಡಿ'ಯಿಂದ ನಾಡಿಗಾದ ಉಪಕಾರ ದೊಡ್ಡದು. ಮೂಡಿಗೆರೆಯ ತಮ್ಮ ತೋಟದಲ್ಲಿ ನೆಲಸಿದ್ದ ಪೂರ್ಣಚಂದ್ರ ತೇಜಸ್ವಿಯವರೂ (1938–2007) ಕನ್ನಡವು ಗಣಕಯಂತ್ರದ ಭಾಷೆಯಾಗಬೇಕೆಂದು ಕಳಕಳಿಯಿಂದ ದುಡಿದರು. ಮುಂದೆ ಜಗತ್ತಿನ ಲಿಪಿಗಳಿಗೆ ಪ್ರತ್ಯೇಕ ಸಂಖ್ಯೆಗಳನ್ನು ಕೊಡುವ 'ಯೂನಿಕೋಡ್' ಬಳಕೆಗೆ ಬಂದಿತು. 1991ರ ಅದರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನವಿದ್ದಿತು. 2001ರ 'ವಿಂಡೋಸ್ ಎಕ್ಸ್‌ಪಿ'ಯಿಂದ ಕಾರ್ಯಾಚರಣೆ ವ್ಯವಸ್ಥೆಯೇ ಕನ್ನಡವನ್ನು ಅರಿಯಲಾರಂಭಿಸಿತು. ಹೊಸ ವ್ಯವಸ್ಥೆಗಳಿಂದ ನಮ್ಮ ನುಡಿಗೆ ಲಾಭವೇ ಆಗಿದೆಯೆಂಬುದಕ್ಕೆ ಇದು ಸಾಕ್ಷಿ. ಆದರೆ ಹಳೆಯ ವಿಧಾನದಲ್ಲಿ ಬರೆದಿಟ್ಟ ಕಡತಗಳು ಹಳೆಯ ಸಂಖ್ಯೆಗಳಲ್ಲಿಯೇ ಉಳಿದವು.

ಇದನ್ನರಿಯದೆ ನಾನು ಮಾಡಿದ ತಪ್ಪನ್ನು ನಿಮ್ಮ ಮುಂದೆ ಹೇಳಲೇಬೇಕು. ನಮ್ಮೂರ ಬಳಿಯ ಅಜ್ಜಿಯೊಬ್ಬರು ನಾಟಿಯ ಹಾಡು, ಸೋಬಾನೆಯ ಹಾಡುಗಳನ್ನು ಬಲ್ಲವರಾಗಿದ್ದರು. ಅವರ ಜಗಲಿಯಲ್ಲಿ ಕುಳಿತು ಎರಡು ಬೇಸಿಗೆ ಕೇಳಿ ಬರೆದುಕೊಂಡು, ಎಲ್ಲವನ್ನೂ ಗಣಕಯಂತ್ರಕ್ಕೆ ಏರಿಸಿದ್ದೆ. ಕೆಲವು ವರ್ಷಗಳ ಮೇಲೆ ಯಂತ್ರದಲ್ಲಿ ಹೊಸ ವ್ಯವಸ್ಥೆಯನ್ನು ಹಾಕಿಸಿದೆ. ಕಡತಗಳನ್ನು ತೆರೆದು ನೋಡಿದರೆ ಕನ್ನಡದ ಒಂದಕ್ಷರವೂ ಇಲ್ಲ. ಸಾಲುಸಾಲಾಗಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು, ಚಿಹ್ನೆಗಳು. ಕೆಟ್ಟುಹೋದವೆಂದು ತಿಳಿದು ನನ್ನ ಕೈಯಾರೆ ಅವನ್ನು ಅಳಿಸಿದೆ. ಅವು ಕೆಟ್ಟಿರಲಿಲ್ಲ, ಹಳೆಯ ಅಕ್ಷರರೂಪವು ಹೊಸ ವ್ಯವಸ್ಥೆಯಲ್ಲಿ ಇರಲಿಲ್ಲ, ಅಷ್ಟೆ. ಅದನ್ನು ಮರಳಿ ಸೇರಿಸಿದ್ದರೆ ಅಥವಾ ಪರಿವರ್ತಕ ತಂತ್ರಾಂಶದಿಂದ ಯೂನಿಕೋಡಿಗೆ ತಂದಿದ್ದರೆ ಹಾಡುಗಳೆಲ್ಲ ಉಳಿಯುತ್ತಿದ್ದವು. ಇದು ನನಗೆ ತಿಳಿಯುವ ಹೊತ್ತಿಗೆ ಕಾಲ ಮೀರಿತ್ತು. ಬರೆದುಕೊಂಡ ಕಾಗದಗಳನ್ನು ಗೆದ್ದಲು ತಿಂದಿತ್ತು, ಅಜ್ಜಿಯೂ ತೀರಿಕೊಂಡಿದ್ದರು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆಯ ಅರ್ಥ ಅಂದು ನನಗೆ ಪೂರ್ಣವಾಗಿ ತಿಳಿಯಿತು.

ಆದುದರಿಂದ ನನ್ನ ಶಿಷ್ಯರಿಗೆ ನಾನು 'ಹಾಕಿಸಿ' ಎಂದಾಗಲಿ 'ಬೇಡ' ಎಂದಾಗಲಿ ಹೇಳಲಿಲ್ಲ. ಕೆಲವು ಪ್ರಶ್ನೆಗಳನ್ನು ಕೇಳಿದೆ. ಈಗಿನ ವ್ಯವಸ್ಥೆಗೆ ತಿದ್ದುಪಡಿಗಳು ಎಂದಿನವರೆಗೆ ಬರುತ್ತವೆ? ಹೊಸದನ್ನು ಹೊರುವ ಶಕ್ತಿ ಯಂತ್ರಕ್ಕಿದೆಯೇ? ನಿತ್ಯವೂ ಬೇಕಾದ ಲೆಕ್ಕದ ತಂತ್ರಾಂಶ, ಮುದ್ರಣಯಂತ್ರ ಇವು ಹೊಸದರಲ್ಲಿ ನಡೆಯುವವೇ? ಕಳೆದರೆ ಮರಳಿ ದೊರೆಯದ ಕಡತಗಳು ಯಾವುವು, ಅವುಗಳ ಪ್ರತಿ ಬೇರೆಲ್ಲಿದೆ? ಕೊನೆಯ ಪ್ರಶ್ನೆಗೆ ಅವರು ಸುಮ್ಮನಾದರು. ತಂದೆಯವರು ಬರೆಸಿದ್ದ ತೋಟದ ಮೂವತ್ತು ವರ್ಷಗಳ ಮಳೆಯ ಲೆಕ್ಕ ಅದೊಂದೇ ಯಂತ್ರದಲ್ಲಿತ್ತು.

ಇನ್ನುಳಿದದ್ದು ಕಾಲದ ವಿಚಾರ. ನವೆಂಬರಿನಿಂದ ಅರೇಬಿಕಾ ಕೊಯ್ಲು, ಅದರ ಹಿಂದೆಯೇ ರೋಬಸ್ಟಾ ಕೊಯ್ಲು. ವಾರವಾರವೂ ಬಟವಾಡೆ ಮಾಡುವ ಆ ದಿನಗಳಲ್ಲಿ ರೈಟರನ್ನು ಬದಲಿಸುವವರುಂಟೇ? ಆಷಾಢದ ಮಳೆಯಲ್ಲಂತೂ ಆಗದು; ಗಾಳಿಗೆ ಮರದ ಕೊಂಬೆ ತಂತಿಯ ಮೇಲೆ ಬಿದ್ದರೆ ಕಳಸದ ಕಡೆ ದಿನಗಟ್ಟಲೆ ವಿದ್ಯುತ್ತಿರುವುದಿಲ್ಲ. ಅರ್ಧ ಕೆಲಸದಲ್ಲಿ ವಿದ್ಯುತ್ತು ಹೋದರೆ ಹಳೆಯದೂ ಇಲ್ಲ, ಹೊಸದೂ ಇಲ್ಲ ಎಂಬಂತಾಗಬಹುದು. ಕೊಯ್ಲು ಮುಗಿದು, ಹೂಮಳೆ ಬಿದ್ದು, ಮುಂಗಾರು ಇನ್ನೂ ದೂರವಿರುವ ದಿನಗಳೇ ಇದಕ್ಕೆ ತಕ್ಕವು.

ಅವರು ಹಾಗೆಯೇ ಮಾಡಿದರು. ಕೊಯ್ಲು ಮುಗಿಯುವವರೆಗೆ ಹೆಚ್ಚುವರಿ ರಕ್ಷಣೆಗೆ ನೋಂದಾಯಿಸಿಕೊಂಡರು. ಕಡತಗಳನ್ನು ಎರಡು ಪ್ರತಿ ಮಾಡಿ, ಒಂದನ್ನು ಚಿಕ್ಕಮಗಳೂರಿನಲ್ಲಿರುವ ಅಕ್ಕನ ಮನೆಯಲ್ಲಿಟ್ಟರು. ಹಳೆಯ ಕನ್ನಡ ಕಡತಗಳನ್ನು ಯೂನಿಕೋಡಿಗೆ ಪರಿವರ್ತಿಸಿ, ಅಕ್ಷರಗಳು ಸರಿಯಾಗಿವೆಯೇ ಎಂದು ಒಂದೊಂದಾಗಿ ಓದಿ ನೋಡಿದರು. ಅವರ ಯಂತ್ರಕ್ಕೆ ಹೊಸ ವಿಂಡೋಸನ್ನು ಹೊರುವ ಶಕ್ತಿಯಿರಲಿಲ್ಲ. ಲೆಕ್ಕಕ್ಕೂ ಬ್ಯಾಂಕಿನ ವ್ಯವಹಾರಕ್ಕೂ ಬೇರೊಂದನ್ನು ಕೊಂಡರು. ಹಳೆಯದನ್ನು ಎಸೆಯಲಿಲ್ಲ. ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ 1991ರಲ್ಲಿ ಆರಂಭಿಸಿ, ಜಗತ್ತಿನ ಅನೇಕರು ಕೂಡಿ ಬೆಳೆಸಿದ 'ಲಿನಕ್ಸ್' ಎಂಬ ಮುಕ್ತ ವ್ಯವಸ್ಥೆ ಇದೆಯಷ್ಟೆ. ನೆರೆಯ ಕೇರಳದ ಶಾಲೆಗಳಲ್ಲಿ ಮಕ್ಕಳು ಕಲಿಯುವುದು ಅದರಲ್ಲಿಯೇ. ಅದನ್ನು ಮೊದಲು ಪೆನ್‌ಡ್ರೈವಿನಿಂದಲೇ ನಡೆಸಿ ಪರೀಕ್ಷಿಸಿ, ಒಪ್ಪಿತವಾದ ಮೇಲೆ ಹಳೆಯ ಯಂತ್ರದಲ್ಲಿ ಹಾಕಿ ಮಕ್ಕಳ ಓದಿಗೆ ಕೊಟ್ಟರು.

ವಿದ್ಯಾರ್ಥಿಗಳೇ, ನೀವು ಬಾಳುವ ಕಾಲದಲ್ಲಿ ಇಂತಹ ಬದಲಾವಣೆಗಳು ಮತ್ತೆ ಮತ್ತೆ ಬರುವುವು. ಬೆರಗಾಗಿ ಓಡಬೇಡಿ, ಹೆದರಿ ಕುಳಿತುಕೊಳ್ಳಲೂ ಬೇಡಿ. ನಿಮ್ಮ ಮನೆಯಲ್ಲಿ ಅಜ್ಜಿಯ ಹಾಡೋ ಅಜ್ಜನ ಕಾಗದವೋ ಗಣಕಯಂತ್ರದಲ್ಲಿದ್ದರೆ, ಇಂದೇ ಅದರ ಇನ್ನೊಂದು ಪ್ರತಿಯನ್ನು ಮಾಡಿಡಿ. ಬಲ್ಲ ಬೆಳೆಗಾರನು ಹಳೆಯ ಗಿಡಕ್ಕೆ ಕೊಡಲಿ ಹಾಕುವ ಮುನ್ನ ಅದರ ಒಳ್ಳೆಯ ಬೀಜವನ್ನು ಆರಿಸಿ ತೆಗೆದಿಡುತ್ತಾನೆ.