ಪಕ್ಕಕ್ಕೆ ಜಾರುವ ಪುಟ್ಟ ವಿಮಾನ

ಹುಟ್ಟುಹಬ್ಬಕ್ಕೆ ಮಕ್ಕಳಿಗೆ ಗಾಳಿಪಟ ಕೊಡಿಸುತ್ತಿದ್ದ ಮನೆಗಳಿಗೆ ಈಗ ನಾಲ್ಕು ರೆಕ್ಕೆಗಳ ಡ್ರೋನ್ ಬಂದಿದೆ. ಗಾಳಿಪಟ ಗೋತ ಹೊಡೆದರೆ ಹಿರಿಯರಾರಾದರೂ ಹಳೆಯ ಪಂಚೆಯ ಚೂರನ್ನು ಬಾಲಂಗೋಚಿಯಾಗಿ ಕಟ್ಟಿ ಅದನ್ನು ಹದಕ್ಕೆ ತರುತ್ತಿದ್ದರು. ಡ್ರೋನು ಎಡಕ್ಕೆ ಜಾರಿದರೆ ಹಿರಿಯರು ಅಂಗಡಿಯವನನ್ನು ಬೈಯುತ್ತಾರೆ. ಅಂಗಡಿಯವನು ಮಗುವಿನ ಕೈಯನ್ನು ದೂರುತ್ತಾನೆ. ವಾಸ್ತವವಾಗಿ ಈ ಯಂತ್ರದ ಬಾಲಂಗೋಚಿಯೂ ನಮ್ಮ ಕೈಗೆ ನಿಲುಕದ ವಸ್ತುವೇನಲ್ಲ.

ಅದರ ಹಾರಾಟದ ಮರ್ಮ ಸರಳವಾದುದು. ನಾಲ್ಕು ಮೂಲೆಗಳಲ್ಲಿ ನಾಲ್ಕು ಮೋಟಾರುಗಳು; ಕರ್ಣರೇಖೆಯಲ್ಲಿ ಎದುರುಬದುರಾದ ಒಂದು ಜೋಡಿ ಗಡಿಯಾರದ ಮುಳ್ಳಿನಂತೆ ತಿರುಗಿದರೆ ಇನ್ನೊಂದು ಜೋಡಿ ಅದಕ್ಕೆ ಪ್ರತಿಯಾಗಿ ತಿರುಗುತ್ತದೆ. ನಾಲ್ಕೂ ಒಂದೇ ದಿಕ್ಕಿಗೆ ತಿರುಗಿದ್ದರೆ ಯಂತ್ರದ ಒಡಲೇ ಬುಗುರಿಯಂತೆ ಸುತ್ತತೊಡಗುತ್ತಿತ್ತು. ಮುಂದಕ್ಕೆ ಸಾಗಬೇಕಾದರೆ ಹಿಂದಿನ ಎರಡು ಮೋಟಾರುಗಳು ವೇಗವನ್ನು ಹೆಚ್ಚಿಸಿಕೊಂಡು ಒಡಲನ್ನು ಮುಂದಕ್ಕೆ ಬಾಗಿಸುತ್ತವೆ. ಬಾಗಿದ ಕಡೆಗೇ ಅದರ ಪಯಣ. ಕೇವಲ 1 ಡಿಗ್ರಿಯಷ್ಟು ವಾಲಿದರೂ ಸಾಕು, ಗಾಳಿಯ ತಡೆಯನ್ನು ಗಣಿಸದಿದ್ದರೆ, 5 ಸೆಕೆಂಡುಗಳಲ್ಲಿ ಯಂತ್ರ ಸುಮಾರು 2 ಮೀಟರು ಸರಿದಿರುತ್ತದೆ. ನಡುಮನೆಯ ಮಧ್ಯದಿಂದ ಗೋಡೆಯವರೆಗೆ ಅಷ್ಟೇ ತಾನೆ ದೂರ!

ತಾನು ವಾಲಿದ್ದೇನೆಂಬುದು ಯಂತ್ರಕ್ಕೆ ತಿಳಿಯುವುದು ಹೇಗೆ? ಅಕ್ಕಿಕಾಳಿಗಿಂತ ಹೆಚ್ಚು ದೊಡ್ಡದಲ್ಲದ ಚಿಪ್ಪಿನೊಳಗೆ ಎರಡು ಇಂದ್ರಿಯಗಳಿವೆ. ಒಂದು ಗೈರೋಸ್ಕೋಪು. ಎಡೆಬಿಡದೆ ಕಂಪಿಸುವ ಅತಿ ಸೂಕ್ಷ್ಮವಾದ ಸಿಲಿಕಾನ್ ತುಣುಕೊಂದು ಯಂತ್ರ ಹೊರಳಿದೊಡನೆ ಪಕ್ಕಕ್ಕೆ ಎಳೆಯಲ್ಪಟ್ಟು ಹೊರಳಿನ ವೇಗವನ್ನು ತಿಳಿಸುತ್ತದೆ. ಇನ್ನೊಂದು ಆಕ್ಸೆಲರೋಮೀಟರು, ಭೂಮಿಯ ಸೆಳೆತ ಯಾವ ದಿಕ್ಕಿಗಿದೆಯೆಂಬುದನ್ನು ಅದು ಬಲ್ಲುದು. ಮೊದಲನೆಯದು ಚುರುಕು ಗುಮಾಸ್ತನಂತೆ; ಕ್ಷಣಕ್ಷಣದ ಲೆಕ್ಕ ಬರೆಯುತ್ತದೆ, ಆದರೆ ಕಾಸುಕಾಸಿನ ತಪ್ಪು ಸೇರಿ ರೂಪಾಯಿಯಾಗುತ್ತದೆ. ಎರಡನೆಯದು ನಿಧಾನಿ, ಮೋಟಾರಿನ ಅದುರಾಟಕ್ಕೆ ಬೆಚ್ಚುತ್ತದೆ, ಆದರೂ ದೀರ್ಘಕಾಲದ ಸಾಕ್ಷ್ಯಕ್ಕೆ ನಂಬಲರ್ಹವಾದುದು. ಯಂತ್ರದ ಮಿದುಳು ಗುಮಾಸ್ತನ ಲೆಕ್ಕವನ್ನು ಈ ನಿಧಾನಿಯ ಸಾಕ್ಷ್ಯದಿಂದ ತಿದ್ದುತ್ತಿರುತ್ತದೆ.

‘ಕ್ಯಾಲಿಬ್ರೇಷನ್’ ಎಂಬ ವಿಧಿಯ ಅರ್ಥ ಇಷ್ಟೇ: ‘ಈಗ ನೀನು ಸಮವಾಗಿ ಕುಳಿತಿದ್ದೀಯೆ, ನಿಶ್ಚಲವಾಗಿದ್ದೀಯೆ, ಇದೇ ನಿನ್ನ ಸೊನ್ನೆ’ ಎಂದು ಯಂತ್ರಕ್ಕೆ ಹೇಳಿಕೊಡುವುದು. ನಾವು ಸುಳ್ಳು ಹೇಳಿದರೂ ಅದು ನಂಬುತ್ತದೆ, ಅಪಾಯವಿರುವುದು ಇಲ್ಲಿಯೇ. ನಮ್ಮ ತಾರಸಿಗಳನ್ನು ಮಳೆನೀರು ಹರಿದುಹೋಗಲೆಂದು ಬೇಕೆಂತಲೇ ಇಳಿಜಾರಾಗಿ ಕಟ್ಟಿರುತ್ತಾರೆ. ಅಲ್ಲಿಟ್ಟು ಸಮತಟ್ಟು ಕಲಿಸಿದರೆ ಯಂತ್ರವು ಇಳಿಜಾರನ್ನೇ ಸಮವೆಂದು ಬಗೆದು, ಆಕಾಶದಲ್ಲಿಯೂ ಆ ವಾಲನ್ನು ನಿಷ್ಠೆಯಿಂದ ಕಾಪಾಡುತ್ತದೆ. ಮೇಜಿನ ಮೇಲೊಂದು ಗೋಲಿಯನ್ನಿಟ್ಟು ನೋಡಬೇಕು; ಅದು ಉರುಳದೆ ನಿಂತ ಜಾಗ ಯೋಗ್ಯ. ಬ್ಯಾಟರಿ ಜೋಡಿಸಿ ಒಂದೆರಡು ನಿಮಿಷ ಬಿಡುವುದೂ ಒಳಿತು, ಏಕೆಂದರೆ ಚಿಪ್ಪು ಬೆಚ್ಚಗಾದಂತೆ ಗೈರೋಸ್ಕೋಪಿನ ಸೊನ್ನೆಯೂ ಸ್ವಲ್ಪ ಸರಿಯುತ್ತದೆ. ಆ ಮೇಲೆ ಯಾರೂ ಮೇಜನ್ನು ಮುಟ್ಟಕೂಡದು. ತಮ್ಮಂದಿರಿರುವ ಮನೆಯಲ್ಲಿ ಇದೇ ಕಠಿಣವಾದ ನಿಯಮ.

ನಮ್ಮ ನೆರೆಮನೆಯ ಎಂಟನೆಯ ತರಗತಿಯ ಹುಡುಗಿಯೊಬ್ಬಳು ಈ ವಿಧಿಗಳನ್ನೆಲ್ಲ ತಪ್ಪದೆ ಆಚರಿಸಿದ್ದಳು. ಆದರೂ ಅವಳ ಯಂತ್ರ ಮೇಲೆದ್ದೊಡನೆ ಎಡಮುಂದಿನ ಮೂಲೆಯತ್ತ, ಅಡುಗೆಮನೆಯ ಬಾಗಿಲಿಗೇ, ಸರಿದುಹೋಗುತ್ತಿತ್ತು. ‘ಹುಡುಗಿಯರ ಕೈಗೆ ಇದೆಲ್ಲ ಒಗ್ಗುವುದಿಲ್ಲ’ ಎಂದು ಮನೆಗೆ ಬಂದ ಬಂಧುವೊಬ್ಬರು ಅಪ್ಪಣೆ ಕೊಡಿಸಿದರು. ಹುಡುಗಿ ಮರುಮಾತಾಡದೆ ಡ್ರೋನನ್ನು ಪೆಟ್ಟಿಗೆಯಲ್ಲಿಟ್ಟು ಮುಚ್ಚಿದಳು. ಒಂದು ವಾರ ಅದರ ಸುದ್ದಿಯೇ ಇಲ್ಲ. ಮಕ್ಕಳ ಒಂದು ಆಸಕ್ತಿ ಸಾಯಲು ಇಷ್ಟು ಸಾಕು.

ಆ ಬಳಿಕ ಅವಳ ಅಜ್ಜಿ ಪೆಟ್ಟಿಗೆಯನ್ನು ತೆಗೆಸಿದರು. ಯಂತ್ರ ಯಾವ ಮೂಲೆಯತ್ತ ಜಾರುವುದೋ ಆ ಮೂಲೆಯ ಬಲವೇ ಕುಗ್ಗಿದೆಯೆಂದು ಊಹಿಸಬಹುದು. ಹುಡುಗಿ ಆ ಮೂಲೆಯ ರೆಕ್ಕೆಯನ್ನು ಕರ್ಣದ ತುದಿಯ ರೆಕ್ಕೆಯೊಡನೆ ಅದಲುಬದಲು ಮಾಡಿದಳು. ಆ ಎರಡು ಮಾತ್ರ ಒಂದೇ ಜಾತಿಯವು; ಪಕ್ಕದ್ದನ್ನು ಹಾಕಿದರೆ ಗಾಳಿಯನ್ನು ಕೆಳಕ್ಕೆ ತಳ್ಳುವ ಬದಲು ಮೇಲಕ್ಕೆ ತಳ್ಳುತ್ತದೆ. ಜಾರುವ ದಿಕ್ಕು ತಿರುಗಿದ್ದರೆ ದೋಷ ರೆಕ್ಕೆಯದು. ತಿರುಗಲಿಲ್ಲ, ಆದ್ದರಿಂದ ಮೋಟಾರನ್ನೇ ಶಂಕಿಸಬೇಕಾಯಿತು. ರೆಕ್ಕೆಯನ್ನು ಕಳಚಿ, ಕನ್ನಡಕ ಏರಿಸಿ ನೋಡಿದ ಅಜ್ಜಿಗೆ ಸಿಕ್ಕಿದ್ದು ಒಂದು ಕೂದಲು! ನೆಲದಿಂದೆದ್ದು ಮೋಟಾರಿನ ದಂಡಕ್ಕೆ ಹತ್ತಾರು ಸುತ್ತು ಬಿಗಿದುಕೊಂಡಿತ್ತು. ಬಣ್ಣವನ್ನು ನೋಡಿದರೆ ಅದು ಅಜ್ಜಿಯದೇ. ಸೂಜಿಯಿಂದ ಬಿಡಿಸಿದ ಮೇಲೆ ಯಂತ್ರ ಕಟ್ಟಿಹಾಕಿದಂತೆ ನಿಂತಿತು. ಬಂಧುಗಳಿಗೆ ಈ ವರದಿಯನ್ನು ಅಜ್ಜಿಯೇ ದೂರವಾಣಿಯಲ್ಲಿ ಒಪ್ಪಿಸಿದರೆಂದು ಕೇಳಿದ್ದೇನೆ.

ರಿಮೋಟಿನಲ್ಲಿರುವ ‘ಟ್ರಿಮ್’ ಗುಂಡಿಯಿಂದಲೂ ಜಾರುವಿಕೆಯನ್ನು ನಿಲ್ಲಿಸಬಹುದು. ಅದನ್ನು ಕಟ್ಟಕಡೆಗೆ ಮುಟ್ಟುವುದು ಲೇಸೆಂದು ನನ್ನ ಅಭಿಪ್ರಾಯ. ಬಾಗಿದ ರೆಕ್ಕೆ, ಒಂದು ಬದಿಗೆ ಸರಿದ ಬ್ಯಾಟರಿ, ಸವೆದ ಮೋಟಾರು ಇವನ್ನೆಲ್ಲ ಹಾಗೆಯೇ ಬಿಟ್ಟು ಟ್ರಿಮ್ ಒತ್ತುವುದು ಸೋರುವ ಮಾಡಿನ ಕೆಳಗೆ ಪಾತ್ರೆಯಿಟ್ಟಂತೆ.

ದೋಷವೇ ಇಲ್ಲದ ಯಂತ್ರವೂ ಜಾರುವುದುಂಟು. ಸಮವಾಗಿರುವುದು ಬೇರೆ, ನಿಂತಲ್ಲಿ ನಿಲ್ಲುವುದು ಬೇರೆ. 1922ರ ಡಿಸೆಂಬರ್ 18ರಂದು ಅಮೆರಿಕದ ಓಹಾಯೋ ಪ್ರಾಂತದ ಡೇಟನ್ನಿನಲ್ಲಿ ಜಾರ್ಜ್ ಡಿ ಬೋಥೆಜಾಟ್ ಎಂಬ ರಷ್ಯಾ ಮೂಲದ ವಿಜ್ಞಾನಿಯ ನಾಲ್ಕು ರೆಕ್ಕೆಚಕ್ರಗಳ ಹೆಲಿಕಾಪ್ಟರು ಸುಮಾರು 6 ಅಡಿ ಎತ್ತರಕ್ಕೇರಿ 1 ನಿಮಿಷ 42 ಸೆಕೆಂಡು ತೇಲಿತು. ಗಾಳಿ ಒಯ್ದತ್ತ ಸರಿದೂ ಹೋಯಿತು. ಸ್ಥಳವನ್ನು ಗುರುತಿಸುವ ಕಣ್ಣಿಲ್ಲದ ಅಗ್ಗದ ಡ್ರೋನಿನ ಸ್ಥಿತಿ ಇಂದಿಗೂ ಅದೇ. ಫ್ಯಾನು ತಿರುಗುತ್ತಿರುವ ಕೋಣೆಯಲ್ಲಿ ಅದನ್ನು ಪರೀಕ್ಷಿಸಿ ಫಲವಿಲ್ಲ.

ಕೆಲವಕ್ಕೆ ಹೊಟ್ಟೆಯಡಿಯಲ್ಲಿ ನೆಲವನ್ನು ನೋಡುವ ಕ್ಯಾಮೆರಾ ಇರುತ್ತದೆ. ಕಲೆಯಿಲ್ಲದ ಹೊಳೆಯುವ ನೆಲದ ಮೇಲೆ ಅದಕ್ಕೆ ಗುರುತು ಹಿಡಿಯಲು ಏನೂ ಸಿಗದು. ಚಿತ್ತಾರದ ಜಮಖಾನವೊಂದನ್ನು ಹಾಸಿ ನೋಡಿ, ಬಹುಪಾಲು ಹುಚ್ಚಾಟ ನಿಲ್ಲುತ್ತದೆ.

ಜಿ.ಪಿ.ಎಸ್. ಇರುವ ದೊಡ್ಡ ಯಂತ್ರಗಳ ರೋಗ ಬೇರೆ. ಅವಕ್ಕೆ ದಿಕ್ಸೂಚಿಯೂ ಇರುತ್ತದೆ. ಕಬ್ಬಿಣ ಅದರ ಶತ್ರು. ಸರಳುಗಳನ್ನು ಹೂತ ಕಾಂಕ್ರೀಟು ತಾರಸಿ, ನೀರಿನ ತೊಟ್ಟಿಯ ಉಕ್ಕಿನ ಮೆಟ್ಟು, ಕಾರಿನ ಮುಚ್ಚಳ ಇವುಗಳ ಮೇಲೆ ದಿಕ್ಸೂಚಿಯನ್ನು ಹೊಂದಿಸಿದರೆ ಉತ್ತರ ಎಲ್ಲಿದೆಯೆಂಬುದೇ ಯಂತ್ರಕ್ಕೆ ತಪ್ಪಾಗಿ ತಿಳಿಯುತ್ತದೆ. ಆಗ ಅದು ತನ್ನ ಸ್ಥಾನಕ್ಕೆ ಮರಳಲು ಯತ್ನಿಸುತ್ತ ಓರೆಯಾಗಿ ಚಲಿಸಿ, ಮತ್ತೆ ತಿದ್ದಿಕೊಂಡು, ವೃತ್ತ ಹಾಕುತ್ತ, ವೃತ್ತವನ್ನು ಹಿಗ್ಗಿಸುತ್ತ ಹೋಗುತ್ತದೆ. ಮೂರನೆಯ ಮಹಡಿಯ ತಾರಸಿಯಿಂದ ಹೀಗೆ ಹೊರಟದ್ದು ಕೆಳಗಿನ ರಸ್ತೆಯಲ್ಲಿ ಯಾರ ತಲೆಯ ಮೇಲೆ ಇಳಿದೀತೋ! ಈ ಯಂತ್ರಗಳನ್ನು ಬಯಲಿಗೆ ಒಯ್ದು, ಜೇಬಿನ ಬೀಗದ ಕೈ, ಮೊಬೈಲು ದೂರವಿಟ್ಟು, ಎಲ್ಲ ಮಗ್ಗುಲಿಗೂ ತಿರುಗಿಸಿ ಹೊಂದಿಸಬೇಕು.

2021ರ ಡ್ರೋನ್ ನಿಯಮಾವಳಿ 250 ಗ್ರಾಂ ಮೀರದ ಯಂತ್ರಗಳನ್ನು ‘ನ್ಯಾನೊ’ ಎಂದು ವರ್ಗೀಕರಿಸಿ, ಅವುಗಳ ಚಾಲಕರಿಗೆ ಪರವಾನಗಿ ಬೇಡವೆಂದಿತು. ನಕ್ಷೆಯ ಕೆಂಪು ವಲಯಗಳಲ್ಲಿ ಮಾತ್ರ ಕೇಂದ್ರ ಸರಕಾರದ ಅನುಮತಿಯಿಲ್ಲದೆ ಯಾವುದನ್ನೂ ಹಾರಿಸುವಂತಿಲ್ಲ. ಇನ್ನು ಮನೆಯೊಳಗೆ: ರೆಕ್ಕೆಗೆ ಕೈಹಚ್ಚುವ ಮುನ್ನ ಬ್ಯಾಟರಿಯನ್ನು ಕಳಚಿಡಬೇಕು, ಉಬ್ಬಿದ ಬ್ಯಾಟರಿಯನ್ನು ಚಾರ್ಜಿಗೆ ಹಾಕಲೇಬಾರದು.