ಕಳಲೆಯವರು ಕೊಂಡ ಮಾತು

ನಂಜನಗೂಡಿನಲ್ಲಿ ಕಪಿಲೆಯ ಮೇಲಿರುವ ಹಳೆಯ ಕಲ್ಲುಸೇತುವೆ 1735ರದು. ಕಟ್ಟಿಸಿದವರು ದಳವಾಯಿ ದೇವರಾಜಯ್ಯ, ಇದೇ ತಾಲ್ಲೂಕಿನ ಕಳಲೆ ಮನೆತನದವರು. ಮೈಸೂರು ರಾಜ್ಯ ಪರರಾಜ್ಯಗಳೊಡನೆ ಹೇಗೆ ವ್ಯವಹರಿಸುತ್ತಿತ್ತು ಎಂದು ತಿಳಿಯಬೇಕಾದರೆ ಈ ಮನೆತನದ ಕಥೆಯನ್ನೇ ಕೇಳಬೇಕು.

ರಾಜ ಒಡೆಯರ ಕಾಲದ ಒಪ್ಪಂದದಂತೆ ದಳವಾಯಿ ಪದವಿ ಕಳಲೆಯವರಿಗೆ ಸೇರಿತು. ದಳವಾಯಿ ಎಂದರೆ ದಂಡಿನ ಒಡೆಯ. ದಂಡು ಯಾರ ಪರವಾಗಿ, ಯಾವ ಷರತ್ತಿನ ಮೇಲೆ ಗಡಿ ದಾಟಬೇಕೆಂದು ಗೊತ್ತುಮಾಡುವವನೂ ಕ್ರಮೇಣ ಅವನೇ ಆದ. 1734ರಲ್ಲಿ ಪಟ್ಟಕ್ಕೆ ಬಂದ ಇಮ್ಮಡಿ ಕೃಷ್ಣರಾಜ ಒಡೆಯರು ಇನ್ನೂ ಬಾಲಕ. ಅಧಿಕಾರವೆಲ್ಲ ದೇವರಾಜಯ್ಯ ಮತ್ತು ಅವರ ತಮ್ಮ ಕರಾಚೂರಿ ನಂಜರಾಜಯ್ಯನವರ ಕೈಯಲ್ಲಿತ್ತು.

ನಂಜರಾಜಯ್ಯ ಕವಿ, ಶಿವಭಕ್ತ, ಸರ್ವಾಧಿಕಾರಿ. ತಿರುಚಿನಾಪಳ್ಳಿಯಲ್ಲಿ ಮುತ್ತಿಗೆಗೆ ಸಿಕ್ಕಿದ್ದ ಆರ್ಕಾಟಿನ ನವಾಬ ಮಹಮ್ಮದ್ ಅಲಿ ನೆರವು ಬೇಡಿದಾಗ ಅವರು ಗುಟ್ಟಾಗಿ ಮಾತು ಕೊಂಡರು: ಗೆದ್ದರೆ ತಿರುಚಿನಾಪಳ್ಳಿ ಮೈಸೂರಿಗೆ. ಅಣ್ಣನಿಗೆ ಈ ಸಾಹಸ ಒಪ್ಪಿಗೆಯಿರಲಿಲ್ಲ. ನವಾಬನ ಬೆನ್ನಿಗಿದ್ದ ಇಂಗ್ಲಿಷರಿಗೂ ಗುಟ್ಟು ತಿಳಿದಿರಲಿಲ್ಲ. 1752ರಲ್ಲಿ ಗೆಲುವು ಬಂತು, ಕೋಟೆ ಬರಲಿಲ್ಲ. ಮಾತಿಗೆ ಸಾಕ್ಷಿಯಾಗಿ ನಿಲ್ಲುವವರು ಯಾರೂ ಇರಲಿಲ್ಲ. 1755ರವರೆಗೆ ಕೋಟೆಯ ಮುಂದೆ ಕಾದ ದಂಡು ಬರಿಗೈಲಿ ಹಿಂತಿರುಗಿತು. ಬೊಕ್ಕಸ ಬರಿದಾಗಿತ್ತು, ಸಿಪಾಯಿಗಳಿಗೆ ಸಂಬಳವಿರಲಿಲ್ಲ. ಆ ಬಿಕ್ಕಟ್ಟಿನಲ್ಲೇ ಬೆಳೆದ ಹೈದರ್ ಅಲಿ 1761ರ ಹೊತ್ತಿಗೆ ರಾಜ್ಯದ ಚುಕ್ಕಾಣಿ ಹಿಡಿದ.

ಮೈಸೂರಿನಂತೆ ಜಪಾನ್ ಕೂಡ ಒಪ್ಪಂದಗಳಿಂದ ಪೆಟ್ಟು ತಿಂದ ದೇಶವೇ. 1858ರಲ್ಲಿ ಅಮೆರಿಕ ಮತ್ತು ಯುರೋಪಿನ ದೇಶಗಳೊಡನೆ ಒತ್ತಡಕ್ಕೆ ಮಣಿದು ಅಸಮಾನ ಒಪ್ಪಂದಗಳಿಗೆ ಸಹಿ ಹಾಕಿತು. ಅದರ ಪಾಠ ಮಾತ್ರ ಬೇರೆ. 1869ರಲ್ಲಿ ವಿದೇಶಾಂಗಕ್ಕೇ ಒಂದು ಇಲಾಖೆ ಹುಟ್ಟಿತು. 1885ರಲ್ಲಿ ಸಚಿವ ಸಂಪುಟ ರೂಪುಗೊಂಡಾಗ ಇನೊಯೆ ಕಾವೊರು ಮೊದಲ ವಿದೇಶಾಂಗ ಸಚಿವರಾದರು. 1894ರಲ್ಲಿ ಆಗಿನ ವಿದೇಶಾಂಗ ಸಚಿವ ಮುತ್ಸು ಮುನೆಮಿತ್ಸು ಬ್ರಿಟನ್ನಿನೊಡನೆ ಹೊಸ ಒಪ್ಪಂದ ಮಾಡಿ, ಜಪಾನಿನಲ್ಲಿದ್ದ ಬ್ರಿಟಿಷರು ಅಲ್ಲಿನ ಕಾನೂನಿಗೆ ಒಳಪಡದ ಸ್ಥಿತಿಯನ್ನು ಕೊನೆಗೊಳಿಸುವ ದಾರಿ ತೆರೆದರು. 1947ರಲ್ಲಿ ಜಾರಿಗೆ ಬಂದ ಸಂವಿಧಾನದಂತೆ ಒಪ್ಪಂದಗಳಿಗೆ ಸಂಸತ್ತಿನ ಒಪ್ಪಿಗೆ ಬೇಕು. ನಂಜರಾಜಯ್ಯನವರ ಗುಟ್ಟಿನ ಮಾತಿಗೆ ಇಲ್ಲದೇ ಹೋದದ್ದು ಇಂಥ ಒಪ್ಪಿಗೆಯೇ.

ಅಣ್ಣ ಕಟ್ಟಿಸಿದ ಸೇತುವೆಯ ಕೆಳಗೆ ಹರಿಯುವ ಕಪಿಲೆ ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಸೇರಿ ತಿರುಚಿನಾಪಳ್ಳಿಯ ಕಡೆಗೇ ಸಾಗುತ್ತದೆ. ತಮ್ಮನ ದಂಡಿಗೆ ದಕ್ಕದ ಆ ಊರನ್ನು ನಮ್ಮ ಕಪಿಲೆಯ ನೀರು ಇಂದಿಗೂ ಹಾದುಹೋಗುತ್ತಿದೆ.